ಒಮ್ಮೆ ಹೊರಟು ಒಮ್ಮೆ ಮುನಿಯುವ ಯಂತ್ರ

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಈ ವೇದಿಕೆಯಲ್ಲಿ ಕಾವ್ಯ, ಸಂಗೀತ, ಆರೋಗ್ಯಗಳನ್ನು ಕುರಿತು ವಿದ್ವತ್ಪೂರ್ಣ ಉಪನ್ಯಾಸಗಳು ನಡೆದುಬಂದಿವೆ. ಆ ಸಾಲಿನಲ್ಲಿ ಮಣ್ಣು ಅಗೆಯುವ ಯಂತ್ರವೊಂದನ್ನು ತಂದು ನಿಲ್ಲಿಸುವುದು ತುಸು ಧಾರ್ಷ್ಟ್ಯದ ಕೆಲಸವೇ ಸರಿ. ಆದರೆ ಇಲ್ಲಿ ನೆರೆದಿರುವ ನಮ್ಮಲ್ಲಿ ಅನೇಕರ ಅನ್ನದ ಹಿಂದೆ ಒಂದಲ್ಲ ಒಂದು ಬಗೆಯಲ್ಲಿ ಈ ಯಂತ್ರವಿದೆ. 1975ರಲ್ಲಿ ಜುಬೈಲ್ ಮತ್ತು ಯಾನ್ಬುಗಳಿಗಾಗಿ ರಾಯಲ್ ಕಮಿಷನ್ ಸ್ಥಾಪನೆಯಾದಾಗ ಜುಬೈಲ್ ಮೀನುಗಾರರ ಸಣ್ಣ ಊರಾಗಿತ್ತು. ಅಲ್ಲಿನ ತಗ್ಗು ಉಪ್ಪುನೆಲಕ್ಕೆ ಮಣ್ಣು ತುಂಬಿ ಎತ್ತರಿಸಿ, ಕಾಲುವೆ ತೋಡಿ, ಕೊಳವೆ ಹೂತು, ಕೈಗಾರಿಕಾ ನಗರವನ್ನು ಎಬ್ಬಿಸಿದ್ದು ಡೀಸೆಲ್ ಯಂತ್ರಗಳು ಮತ್ತು ಅವುಗಳ ಆಸನದಲ್ಲಿ ಬೆವರು ಸುರಿಸಿದ ಜನ. ಆ ಜನರ ನಡುವೆ ನಮ್ಮ ಕರಾವಳಿಯವರೂ ಇದ್ದರು, ಇಂದಿಗೂ ಇದ್ದಾರೆ. ಈ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತವರ ಪೈಕಿ ಕೆಲವರ ಅಂಗೈಯನ್ನು ನೋಡಿದರೆ ಈ ಮಾತಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಯಂತ್ರದ ಶಾಸ್ತ್ರೀಯ ಹೆಸರು ಎಕ್ಸ್‌ಕವೇಟರ್. ನಮ್ಮ ಊರುಗಳಲ್ಲಿ ಕಂಪನಿ ಯಾವುದೇ ಇರಲಿ, ಸರಪಳಿ ಚಕ್ರದ ಮೇಲೆ ನಡೆಯುವ ಈ ಯಂತ್ರವನ್ನು ಜನ ‘ಹಿಟಾಚಿ’ ಎನ್ನುತ್ತಾರೆ. ಈ ದೇಶದಲ್ಲಿ ಅದೇ ಯಂತ್ರಕ್ಕೆ ‘ಪೋಕ್ಲೇನ್’ ಎಂಬ ಹೆಸರು ನಿಂತಿದೆ. ಅದು ಒಂದು ಫ್ರೆಂಚ್ ಕಂಪನಿಯ ಹೆಸರು. ಜಪಾನಿನ ಹೆಸರನ್ನು ಕನ್ನಡಿಗರೂ ಫ್ರಾನ್ಸಿನ ಹೆಸರನ್ನು ಅರಬರೂ ತಮ್ಮದಾಗಿಸಿಕೊಂಡ ಪರಿ ಇದು. ಹೆಸರು ಏನೇ ಇರಲಿ, ಅದಕ್ಕೆ ಬರುವ ಕಾಯಿಲೆಗಳು ಎಲ್ಲೆಡೆ ಒಂದೇ. ಅವುಗಳಲ್ಲಿ ಅತ್ಯಂತ ಪೀಡಿಸುವಂಥದ್ದು, ಬೆಳಗ್ಗೆ ಸೊಗಸಾಗಿ ಸ್ಟಾರ್ಟ್ ಆಗಿ ಮಧ್ಯಾಹ್ನ ಮುನಿಸಿಕೊಳ್ಳುವ, ಇಂದು ಹೊರಟು ನಾಳೆ ಹೊರಡದಿರುವ ಕಾಯಿಲೆ. ಇಂದಿನ ನನ್ನ ವಿಷಯ ಅದೇ.

ಪೂರ್ತಿ ಕೆಟ್ಟು ನಿಂತ ಯಂತ್ರವನ್ನು ಸರಿಪಡಿಸುವುದು ಅಷ್ಟು ಕಷ್ಟವಲ್ಲ. ದೋಷ ಎದುರಿಗೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಬಿಟ್ಟು ಬಿಟ್ಟು ಬರುವ ದೋಷ ಹಾಗಲ್ಲ. ಅದು ಚಳಿಜ್ವರದಂತೆ. ವೈದ್ಯರ ಬಳಿ ಹೋದಾಗ ಮೈ ತಣ್ಣಗಿರುತ್ತದೆ, ಮನೆಗೆ ಬಂದ ಮೇಲೆ ನಡುಕ ಹತ್ತುತ್ತದೆ. ಮಲೇರಿಯಾವನ್ನು ಕಂಡ ನಮ್ಮ ಮಂಗಳೂರಿನ ಹಳೆಯ ವೈದ್ಯರು ನಾಡಿ ಹಿಡಿಯುವ ಮೊದಲೇ, ಜ್ವರ ಯಾವ ಹೊತ್ತಿಗೆ ಏರುತ್ತದೆ, ದಿನ ಬಿಟ್ಟು ದಿನವೇ, ಚಳಿ ಮೊದಲೋ ಬೆವರು ಮೊದಲೋ ಎಂದು ಕೇಳುತ್ತಿದ್ದರು. ಆ ಪ್ರಶ್ನೆಗಳಲ್ಲೇ ಅರ್ಧ ರೋಗನಿದಾನ ಮುಗಿಯುತ್ತಿತ್ತು. ಯಂತ್ರದ ವಿಷಯದಲ್ಲಿಯೂ ನಾನು ಹೇಳಬೇಕಾದ ಮುಖ್ಯ ಮಾತು ಇದೇ: ದೋಷವು ಯಾವಾಗ ಬರುತ್ತದೆ ಎಂಬುದೇ ದೋಷ ಎಲ್ಲಿದೆ ಎಂಬುದರ ಅತ್ಯುತ್ತಮ ಸಾಕ್ಷ್ಯ. ಆ ಸಾಕ್ಷ್ಯವನ್ನು ಹೇಳಬಲ್ಲವರು ದಿನವಿಡೀ ಅದರೊಳಗೆ ಕುಳಿತಿರುವ ಚಾಲಕರು ಮಾತ್ರ.

ಮೊದಲು ಯಂತ್ರ ಹೇಗೆ ಹೊರಡುತ್ತದೆ ಎಂಬುದನ್ನು ಸ್ಥೂಲವಾಗಿ ನೋಡೋಣ. ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇರಲಿಲ್ಲ, ಇಂದಿಗೂ ಇಲ್ಲ. ಗಾಳಿಯನ್ನು ಅದರ ಗಾತ್ರದ ಹದಿನಾರು-ಹದಿನೆಂಟನೆಯ ಒಂದು ಪಾಲಿಗೆ ಒತ್ತಿದಾಗ ಅದು ತಾನಾಗಿಯೇ ಸುಮಾರು 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆ ಬಿಸಿಯೊಳಕ್ಕೆ ಡೀಸೆಲನ್ನು ತುಂತುರಾಗಿ ಚಿಮ್ಮಿಸಿದರೆ ಅದು ಹೊತ್ತಿಕೊಳ್ಳುತ್ತದೆ. ಆದ್ದರಿಂದ ಯಂತ್ರ ಹೊರಡಲು ಬೇಕಾದದ್ದು ಮೂರೇ: ಎಂಜಿನ್ ಸಾಕಷ್ಟು ಬಿರುಸಾಗಿ ತಿರುಗಬೇಕು, ಗಾಳಿ ಸೋರದೆ ಒತ್ತಲ್ಪಡಬೇಕು, ಡೀಸೆಲ್ ಸರಿಯಾದ ಗಳಿಗೆಯಲ್ಲಿ ತಲುಪಬೇಕು. ಗಾಳಿಯ ಒತ್ತಡ ಕುಗ್ಗುವುದು ಸವೆತದಿಂದ. ಸವೆತ ದಿನಕ್ಕೊಂದು ಬಗೆಯಾಗಿ ಬಂದು ಹೋಗುವುದಿಲ್ಲ. ಆದಕಾರಣ ಒಮ್ಮೊಮ್ಮೆ ಮಾತ್ರ ಹೊರಡದ ಯಂತ್ರದಲ್ಲಿ ನಾವು ಮೊದಲು ಅನುಮಾನಿಸಬೇಕಾದದ್ದು ವಿದ್ಯುತ್ತಿನ ದಾರಿಯನ್ನು ಮತ್ತು ಡೀಸೆಲಿನ ದಾರಿಯನ್ನು.

ಇವೆರಡರಲ್ಲಿ ಯಾವುದು? ಇದನ್ನು ತಿಳಿಯಲು ಯಾವ ಉಪಕರಣವೂ ಬೇಡ, ಕಿವಿ ಸಾಕು. ಇಲ್ಲಿ ನಮ್ಮ ಭಾಷೆ ನೆರವಿಗೆ ಬರುತ್ತದೆ. ಶಾಲೆಯಲ್ಲಿ ನಾವು ಅನುಕರಣಾವ್ಯಯ ಎಂಬುದನ್ನು ಓದಿದ್ದೇವೆ. ಪಟಪಟ, ದಡದಡ, ಧಗಧಗ ಇತ್ಯಾದಿ. ಕೀಲಿ ತಿರುಗಿಸಿದಾಗ ಏನೂ ಸದ್ದಿಲ್ಲವೆಂದರೆ ಕೀಲಿಯಿಂದ ಸೆಲ್ಫ್ ಮೋಟರಿಗೆ ಹೋಗುವ ಸಣ್ಣ ತಂತಿಯ ದಾರಿಯಲ್ಲಿ, ಅಂದರೆ ಫ್ಯೂಸ್, ರಿಲೇ, ಸೇಫ್ಟಿ ಲಿವರಿನ ಸ್ವಿಚ್ಚು ಇವುಗಳಲ್ಲಿ ತಡೆಯಿದೆ. ‘ಕಟಕಟಕಟ’ ಎಂದರೆ ಬ್ಯಾಟರಿಯಲ್ಲಿ ಬಲವಿಲ್ಲ, ಇಲ್ಲವೇ ಅದರ ತುದಿಗಳು ಸಡಿಲ: ಸೊಲೆನಾಯ್ಡ್ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ‘ಟಕ್’ ಎಂದು ಒಂದೇ ಸದ್ದು ಬಂದು ನಿಂತರೆ ಸೊಲೆನಾಯ್ಡ್ ಎಳೆದಿದೆ, ಆದರೆ ದಪ್ಪ ಕೇಬಲ್ಲಿನ ವಿದ್ಯುತ್ತು ಮೋಟರಿಗೆ ದಾಟಿಲ್ಲ. ‘ಗುರ್... ಗುರ್...’ ಎಂದು ಹೆಜ್ಜೆ ಎಳೆದಂತೆ ತಿರುಗಿದರೆ ಬಲ ಸಾಲದು. ‘ಗರಗರಗರ’ ಎಂದು ಬಿರುಸಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ವಿದ್ಯುತ್ತಿನ ದೊಡ್ಡ ದಾರಿ ಸರಿಯಿದೆ. ಡೀಸೆಲಿನ ಕಡೆಗೆ ನೋಡಬೇಕು. ಆಗ ಹೊಗೆಕೊಳವೆಯತ್ತ ಒಮ್ಮೆ ದೃಷ್ಟಿ ಹಾಯಿಸಿದರೆ ಇನ್ನೊಂದು ಸುಳಿವು ಸಿಗುತ್ತದೆ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ತಲುಪುತ್ತಿಲ್ಲ. ಬಿಳಿಹೊಗೆ ಬಂದರೆ ಡೀಸೆಲ್ ತಲುಪಿಯೂ ಉರಿಯುತ್ತಿಲ್ಲ.

ಈಗ ಒಂದು ದುರದೃಷ್ಟದ ಸಂಗತಿ. ಚಾಲಕರು ಕನ್ನಡದಲ್ಲೋ ತುಳುವಿನಲ್ಲೋ ಬ್ಯಾರಿಯಲ್ಲೋ ಇಷ್ಟೆಲ್ಲ ವ್ಯತ್ಯಾಸವನ್ನು ಬಲ್ಲರು. ಆದರೆ ಅದನ್ನು ಅವರು ಫೋರ್‌ಮನ್‌ಗೆ ಹೇಳುವುದು ಮುರುಕು ಹಿಂದಿಯಲ್ಲಿ. ಫೋರ್‌ಮನ್ ಎಂಜಿನಿಯರಿಗೆ ಹೇಳುವುದು ಮುರುಕು ಇಂಗ್ಲಿಷಿನಲ್ಲಿ. ಎಂಜಿನಿಯರು ಯಜಮಾನರಿಗೆ ಹೇಳುವುದು ಮುರುಕು ಅರಬ್ಬಿಯಲ್ಲಿ. ನಾಲ್ಕನೆಯ ಕಿವಿಗೆ ತಲುಪುವ ಹೊತ್ತಿಗೆ ‘ಕಟಕಟ’ವೂ ‘ಟಕ್’ ಎಂಬುದೂ ಉದುರಿಹೋಗಿ ‘ಗಾಡಿ ಖರಾಬ್’ ಎಂಬ ಎರಡು ಶಬ್ದ ಉಳಿದಿರುತ್ತವೆ. ಆ ಎರಡು ಶಬ್ದಗಳನ್ನು ನೆಚ್ಚಿಕೊಂಡು ಬಿಡಿಭಾಗಗಳನ್ನು ಬದಲಿಸುವ ಕೆಲಸ ಶುರುವಾಗುತ್ತದೆ.

ಬಿಡಿಭಾಗ ಬದಲಿಸುವುದರಲ್ಲಿ ಒಂದು ಮೋಸ ಅಡಗಿದೆ. ಯಂತ್ರ ಮಧ್ಯಾಹ್ನ ಮೂರಕ್ಕೆ ಹೊರಡುವುದಿಲ್ಲ. ಮೆಕ್ಯಾನಿಕ್ ವರ್ಕ್‌ಶಾಪಿನಿಂದ ಬರುವಾಗ ನಾಲ್ಕೂವರೆ. ಹೊಸ ಬ್ಯಾಟರಿ ಕೂರಿಸುವಾಗ ಐದೂವರೆ. ಕೀಲಿ ತಿರುಗಿಸಿದರೆ ಸ್ಟಾರ್ಟ್. ಎಲ್ಲರೂ ಬ್ಯಾಟರಿಯನ್ನು ದೂರಿ ಮನೆಗೆ ಹೋಗುತ್ತಾರೆ. ನಿಜದಲ್ಲಿ ಆ ಎರಡೂವರೆ ತಾಸಿನಲ್ಲಿ ಎಂಜಿನ್ ತಣ್ಣಗಾಗಿತ್ತು. ಬ್ಯಾಟರಿ ಮುಟ್ಟದಿದ್ದರೂ ಅದು ಹೊರಡುತ್ತಿತ್ತು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಆ ಕಾಕತಾಳೀಯವೇ ಇದು. ಬಿಟ್ಟು ಬಿಟ್ಟು ಬರುವ ದೋಷ ಯಾವಾಗಲೂ ಕಡೆಯಲ್ಲಿ ಮುಟ್ಟಿದ ಭಾಗಕ್ಕೆ ಸುಳ್ಳು ಕೀರ್ತಿಯನ್ನು ಕೊಡುತ್ತದೆ. ವಾರದ ನಂತರ ಅದು ಮರಳಿ ಬಂದಾಗ ಭಾಗಗಳನ್ನು ಅನುಮಾನಿಸಿ ಮುಗಿದಿರುತ್ತದೆ, ಉಳಿಯುವವನು ಚಾಲಕ. ‘ಇವನೇ ಏನೋ ಮಾಡುತ್ತಾನೆ, ನೆರಳಲ್ಲಿ ಕೂರುವ ಆಸೆ’ ಎಂಬ ಮಾತು ಹೊರಡುತ್ತದೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹೋಗುವ ಯಂತ್ರ ನಿಂತರೆ ಯಜಮಾನನಿಗೆ ನಷ್ಟ ನಿಜ. ಆದರೆ ಸಾಲ ಮಾಡಿ ವೀಸಾ ಪಡೆದು ಬಂದವನಿಗೆ ಹೆಸರು ಕೆಟ್ಟರೆ ಆಗುವ ನಷ್ಟ ಬೇರೆಯೇ.

ಜುಬೈಲ್ ಸಮೀಪ ಒಳಚರಂಡಿ ಕೊಳವೆಯ ಕಾಮಗಾರಿಯೊಂದರಲ್ಲಿ ನಾನು ಕಂಡ ಪ್ರಕರಣ ಈ ಮಾತಿಗೆ ನಿದರ್ಶನವಾಗಬಲ್ಲದು. ಬಾಡಿಗೆ ಯಂತ್ರ, ಚಾಲಕರು ಕುಂದಾಪುರದ ಕಡೆಯವರು. ಬ್ಯಾಟರಿಗಳನ್ನೂ ಸೆಲ್ಫ್ ಮೋಟರನ್ನೂ ಆಗಲೇ ಬದಲಿಸಿಯಾಗಿತ್ತು. ಅವರ ಸಂಬಳ ಕಡಿತದ ಮಾತು ನಡೆದಿತ್ತು. ಅವರಲ್ಲಿ ಜೇಬಿನ ಗಾತ್ರದ ಒಂದು ಪುಸ್ತಕವಿತ್ತು. ಊರಿಗೆ ಕಳಿಸಿದ ಹಣದ ಲೆಕ್ಕದ ಪಕ್ಕದಲ್ಲಿಯೇ, ಯಂತ್ರ ಹೊರಡದ ದಿನಗಳನ್ನು ಕನ್ನಡದಲ್ಲಿ ಬರೆದಿಟ್ಟಿದ್ದರು: ದಿನಾಂಕ, ಹೊತ್ತು, ಎಷ್ಟು ಸಲ ಕೀಲಿ ತಿರುಗಿಸಿದ್ದು, ಏನು ಸದ್ದು. ಓದಿದಾಗ ಎರಡು ಸಂಗತಿಗಳು ಎದ್ದು ಕಂಡವು. ಬೆಳಗಿನ ಹೊತ್ತಿನಲ್ಲಿ ಒಂದೇ ಒಂದು ಬಾರಿಯೂ ದೋಷ ಬಂದಿರಲಿಲ್ಲ. ಎಲ್ಲವೂ ಮಧ್ಯಾಹ್ನದ ವಿರಾಮ ಮುಗಿದ ಮೇಲೆ. ಎಲ್ಲ ಕಡೆಯೂ ಬರೆದಿದ್ದುದು ‘ಸದ್ದಿಲ್ಲ’ ಎಂಬ ಒಂದೇ ಮಾತು. ಬ್ಯಾಟರಿ ಸೋತಿದ್ದರೆ ‘ಕಟಕಟ’ ಎಂದು ಒಮ್ಮೆಯಾದರೂ ಬರಬೇಕಾಗಿತ್ತು.

ಈ ರಾಜ್ಯದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ನೇರ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ಮನುಷ್ಯರ ಪ್ರಾಣ ಉಳಿಸುವ ನಿಯಮ ಅದು. ಆದರೆ ಬೆಳಗಿನಿಂದ ದುಡಿದ ಎಂಜಿನ್ ನಿಂತೊಡನೆ ಅದರ ನೀರಿನ ಪಂಪೂ ಫ್ಯಾನೂ ನಿಲ್ಲುತ್ತವೆ. ಕಬ್ಬಿಣದೊಳಗೆ ಉಳಿದ ಶಾಖ ಹೊರಹೋಗುವ ದಾರಿಯಿಲ್ಲದೆ ಮುಚ್ಚಿದ ಬಾನೆಟ್ಟಿನೊಳಗೆ ಹರಡಿ ಪಕ್ಕದ ಭಾಗಗಳನ್ನು ಹೊಕ್ಕುತ್ತದೆ, ಹೊರಗೆ ಬಿಸಿಲು. ನಿಲ್ಲಿಸಿದ ಮೇಲೆ ಸೆಲ್ಫ್ ಮೋಟರು ಮೊದಲಿಗಿಂತ ಹೆಚ್ಚು ಕಾಯುತ್ತದೆ. ತಾಮ್ರದ ತಂತಿ ಒಂದೊಂದು ಡಿಗ್ರಿ ಕಾದಂತೆಲ್ಲ ಅದರ ವಿದ್ಯುತ್ ತಡೆ ಶೇಕಡಾ 0.39ರಷ್ಟು ಹೆಚ್ಚುತ್ತದೆ. ಬೆಳಗ್ಗೆ 30 ಡಿಗ್ರಿ ಇದ್ದ ಸೊಲೆನಾಯ್ಡ್ ಸುರುಳಿ ಮಧ್ಯಾಹ್ನ 80ಕ್ಕೆ ಏರಿದರೆ ತಡೆ ಐದನೆಯ ಒಂದು ಪಾಲಿನಷ್ಟು ಏರಿತು. ಎಳೆಯುವ ಬಲ ಕುಗ್ಗಿತು. ಆರೋಗ್ಯವಂತ ಯಂತ್ರ ಇದನ್ನು ಸಹಿಸಿಕೊಳ್ಳುತ್ತದೆ. ದಾರಿಯಲ್ಲಿ ಇನ್ನೆಲ್ಲೋ ಸ್ವಲ್ಪ ವಿದ್ಯುತ್ತು ಮೊದಲೇ ಸೋರಿಹೋಗುತ್ತಿದ್ದರೆ ಸಹಿಸಲಾರದು. ಬೆಳಗ್ಗೆ ಹೇಗೋ ನಡೆದದ್ದು ಮಧ್ಯಾಹ್ನ ನಿಲ್ಲುತ್ತದೆ.

ಆದುದರಿಂದ ಪರೀಕ್ಷೆಯನ್ನು ಮಧ್ಯಾಹ್ನ ಮೂರಕ್ಕೇ, ಯಂತ್ರ ಮುನಿದಿರುವಾಗಲೇ ಮಾಡಬೇಕು ಎಂದು ನಿರ್ಧರಿಸಿದೆವು. ಎರಡು ದಿನ ಅದು ಸುಮ್ಮನೆ ಸ್ಟಾರ್ಟ್ ಆಯಿತು. ಮೂರನೆಯ ದಿನ ಮುನಿಯಿತು. ಕೀಲಿಯನ್ನು ಒಬ್ಬರು ಹಿಡಿದಿರಲು, ಮೀಟರಿನ ಕಡ್ಡಿಯನ್ನು ಸೊಲೆನಾಯ್ಡಿನ ಸಣ್ಣ ತುದಿಗೆ ಮುಟ್ಟಿಸಿದಾಗ 24 ವೋಲ್ಟಿನ ಬದಲು 16 ಮಾತ್ರ ಕಂಡಿತು. ಬ್ಯಾಟರಿಯಲ್ಲಿ 24 ಇದೆ. ಎಂಟು ವೋಲ್ಟು ನಡುದಾರಿಯಲ್ಲಿ ಕಳವಾಗಿದೆ. ಬ್ಯಾಟರಿಯಿಂದ ಒಂದೊಂದೇ ಗಂಟನ್ನು ದಾಟುತ್ತ ಬಂದಾಗ ಕಳ್ಳ ಸಿಕ್ಕಿದ್ದು ಆಸನದ ಹಿಂಬದಿಯ ಒಂದು ರಿಲೇಯಲ್ಲಿ. ಅದರ ಒಳಗಿನ ಸ್ಪರ್ಶಬಿಂದು ಸುಟ್ಟು ಕಪ್ಪಾಗಿತ್ತು. ಕೂರುವ ಸಾಕೆಟ್ಟಿನಲ್ಲಿ ಉಪ್ಪು ಬೆರೆತ ಹಸಿರು ಕಿಲುಬು. ಸಾಕೆಟ್ಟನ್ನು ಶುಚಿಮಾಡಿ ರಿಲೇಯನ್ನು ಬದಲಿಸಿದ ಮೇಲೆ ಆ ಬೇಸಿಗೆಯಲ್ಲಿ ಆ ಯಂತ್ರ ಮತ್ತೆ ಮುನಿಯಲಿಲ್ಲ. ಸಂಬಳ ಕಡಿತದ ಮಾತೂ ಅಲ್ಲಿಗೇ ನಿಂತಿತು.

ಇಲ್ಲಿ ಒಂದು ಸೂಕ್ಷ್ಮವನ್ನು ನಮ್ಮ ತರುಣ ಮೆಕ್ಯಾನಿಕ್‌ಗಳು ಗಮನಿಸಬೇಕು. ಕೀಲಿ ತಿರುಗಿಸದೆ ಅದೇ ರಿಲೇಯ ಒಳಬರುವ ತುದಿಯನ್ನು ಅಳೆದರೆ ಮೀಟರು ಪೂರ್ತಿ 24 ತೋರಿಸುತ್ತಿತ್ತು. ನಲ್ಲಿ ಮುಚ್ಚಿರುವಾಗ ಅರ್ಧ ಕಟ್ಟಿದ ಕೊಳವೆಯಲ್ಲೂ ನೀರಿನ ಒತ್ತಡ ಸರಿಯಾಗಿಯೇ ಕಾಣುತ್ತದೆ. ನಲ್ಲಿ ತೆರೆದಾಗ ಮಾತ್ರ ಬಣ್ಣ ಬಯಲಾಗುತ್ತದೆ. ವಿದ್ಯುತ್ತು ಹರಿಯುತ್ತಿರುವಾಗಲೇ ಅಳೆಯಬೇಕು. ದಪ್ಪ ಕೇಬಲ್ಲಿನಲ್ಲಿ ಇದು ಇನ್ನಷ್ಟು ಮುಖ್ಯ. ಸೆಲ್ಫ್ ತಿರುಗುವಾಗ ನೂರಾರು ಆಂಪಿಯರ್ ಹರಿಯುತ್ತದೆ. 500 ಆಂಪಿಯರ್ ಹರಿಯುವಲ್ಲಿ ಓಮಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು ತಡೆಯಿದ್ದರೂ ಎರಡು ವೋಲ್ಟು ನಷ್ಟ. ಎಂಜಿನ್ನಿಗೂ ಚಾಸಿಗೂ ಇರುವ ಅರ್ತಿಂಗ್ ಪಟ್ಟಿಯನ್ನು ಜನ ಮರೆತೇಬಿಡುತ್ತಾರೆ. ಈ ಕರಾವಳಿಯ ಸಬ್ಖಾ ಎಂಬ ಉಪ್ಪುನೆಲದಲ್ಲಿ ಕೆಲಸ ಮಾಡಿದ ಯಂತ್ರದಲ್ಲಿ ಮೊದಲು ಬಿಚ್ಚಿ ಉಜ್ಜಬೇಕಾದದ್ದು ಆ ಪಟ್ಟಿಯ ತುದಿಗಳನ್ನು. ಬ್ಯಾಟರಿಯ ಮಾತೂ ಒಂದಿದೆ: ಶೀತದಲ್ಲಿ ಅದು ನಿಧಾನವಾಗುತ್ತದೆ, ಶಾಖದಲ್ಲಿ ಸಾಯುತ್ತದೆ. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ವೃತ್ತಿಯ ಸ್ಥೂಲ ಲೆಕ್ಕ.

ಇನ್ನು ಡೀಸೆಲಿನ ದಾರಿ. ಇಲ್ಲಿಯೂ ಹೊತ್ತನ್ನೇ ಕೇಳಬೇಕು. ಬೆಳಗಿನ ಮೊದಲ ಸ್ಟಾರ್ಟ್ ಮಾತ್ರ ಕಷ್ಟ, ಆಮೇಲೆ ದಿನವಿಡೀ ಸಲೀಸು ಎಂದರೆ ರಾತ್ರಿ ಡೀಸೆಲ್ ಹಿಂದಕ್ಕೆ ಇಳಿದು ಏರ್ ಹಿಡಿದಿದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೆ, ಎಂಜಿನ್ ಓಡುವಾಗ ಅಲ್ಲಿ ಡೀಸೆಲ್ ತೊಟ್ಟಿಕ್ಕದೇ ಗಾಳಿಯೇ ಒಳಗೆ ನುಗ್ಗಬಹುದು. ಹೊರಗೆ ಒದ್ದೆಯಿಲ್ಲವೆಂದು ಸಮಾಧಾನ ಪಡುವಂತಿಲ್ಲ. ಆ ದಾರಿಯಲ್ಲಿ ಒಂದು ಗೇಣು ಪಾರದರ್ಶಕ ಕೊಳವೆಯನ್ನು ತಾತ್ಕಾಲಿಕವಾಗಿ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಕೆಲವು ತಾಸು ಓಡಿದ ಮೇಲೆ ಸೊರಗಿ ನಿಂತು, ಅರ್ಧ ತಾಸು ಬಿಟ್ಟರೆ ಮತ್ತೆ ಹೊರಡುತ್ತದೆ ಎಂದರೆ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ನೋಡಿ. ‘ಉಸ್’ ಎಂದು ಗಾಳಿ ಒಳಗೆಳೆದರೆ, ಶಮಾಲ್ ಗಾಳಿ ತಂದ ಧೂಳು ಮುಚ್ಚಳದ ಉಸಿರುರಂಧ್ರವನ್ನು ಕಟ್ಟಿದೆ. ಅಲ್ಲಿಯೂ ಇಲ್ಲದಿದ್ದರೆ ಟ್ಯಾಂಕಿನೊಳಗೆ ತೇಲುವ ಎಲೆಯೋ ಬಟ್ಟೆಯ ಚೂರೋ ಕೊಳವೆಯ ಬಾಯಿಗೆ ಅಂಟಿ, ಎಂಜಿನ್ ನಿಂತಾಗ ಕಳಚಿಕೊಂಡು ತೇಲಿಹೋಗುತ್ತಿರಬಹುದು.

ಬಿಸಿಯಾದಾಗ ಮಾತ್ರ, ಅದೂ ಸೆಲ್ಫ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ, ಹಳೆಯ ಯಂತ್ರಗಳಲ್ಲಿ ಸವೆದ ಇಂಜೆಕ್ಷನ್ ಪಂಪನ್ನು ಅನುಮಾನಿಸಬೇಕು. ಕಾದ ಡೀಸೆಲ್ ತೆಳುವಾಗಿ ಸವೆದ ಸಂದಿನಲ್ಲಿ ಜಾರಿಹೋಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ತಣಿಸಿದಾಗ ಹೊರಟರೆ ಅನುಮಾನ ಬಲವಾಗುತ್ತದೆ. ಹೊಸ ಯಂತ್ರಗಳಲ್ಲಿ ಇದೇ ಲಕ್ಷಣವನ್ನು ಎಂಜಿನ್ನಿನ ವೇಗವನ್ನು ಓದುವ ಸೆನ್ಸರ್ ತೋರಿಸಬಹುದು. ಕಾದಾಗ ಅದು ಮೂಕವಾಗುತ್ತದೆ, ಸೆಲ್ಫ್ ತಿರುಗುತ್ತಿದ್ದರೂ ಕಂಪ್ಯೂಟರಿಗೆ ಎಂಜಿನ್ ನಿಂತಂತೆಯೇ ಕಾಣುತ್ತದೆ. ಮಂಜು ಬಿದ್ದ ಮುಂಜಾನೆ ಅಥವಾ ತೊಳೆದ ಮರುದಿನ ಮಾತ್ರ ಬರುವ ದೋಷ ಕನೆಕ್ಟರಿನ ತೇವದ್ದು. ಲೋಬೆಡ್ ಲಾರಿಯ ಮೇಲೆ ಸಾಗಿಸಿದ ನಂತರ ಬಂದದ್ದು ಕುಲುಕಾಟಕ್ಕೆ ಸಡಿಲವಾದ ತುದಿಯದು. ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ ಬಂದದ್ದು ಟ್ಯಾಂಕಿನ ತಳಮಟ್ಟದ್ದು.

ಸಹೋದರರೇ, ಇಷ್ಟು ತಾಳ್ಮೆ ಎಲ್ಲರಲ್ಲಿಯೂ ಇರುವುದಿಲ್ಲ. ಕೆಲಸದ ಅವಸರದಲ್ಲಿ ಅಡ್ಡದಾರಿ ಹಿಡಿಯುವವರಿದ್ದಾರೆ. ಅದರ ಬಗ್ಗೆ ಕಟ್ಟುನಿಟ್ಟಾಗಿ ನಾಲ್ಕು ಮಾತು ಹೇಳದಿದ್ದರೆ ಈ ಉಪನ್ಯಾಸ ಅಪೂರ್ಣ. ಸ್ಕ್ರೂಡ್ರೈವರ್ ಇಟ್ಟು ಸೆಲ್ಫ್ ಮೋಟರಿನ ತುದಿಗಳನ್ನು ನೇರವಾಗಿ ಕೂಡಿಸಿ ಸ್ಟಾರ್ಟ್ ಮಾಡಬೇಡಿ. ಸೇಫ್ಟಿ ಲಿವರ್ ಮೇಲಿದೆಯೋ ಕೆಳಗಿದೆಯೋ ಎಂದು ನೋಡುವ ಸ್ವಿಚ್ಚನ್ನು ಆ ಕೆಲಸ ದಾಟಿಹೋಗುತ್ತದೆ. ಆಸನ ಖಾಲಿ, ಮನುಷ್ಯ ಸರಪಳಿಯ ಪಕ್ಕದಲ್ಲಿ, ಯಂತ್ರ ಚಲಿಸಿತೆಂದರೆ ಕೂಗುವುದಕ್ಕೂ ಸಮಯವಿರುವುದಿಲ್ಲ. ಅದೇ ಕಾರಣಕ್ಕೆ ಆ ಸ್ವಿಚ್ಚಿನ ತಂತಿಗಳನ್ನು ಕಾಯಂ ಆಗಿ ಗಂಟುಹಾಕುವುದೂ ಅಪರಾಧ. ಒಳಬರುವ ಗಾಳಿಯನ್ನು ಕಾಯಿಸುವ ಹೀಟರ್ ಅಥವಾ ಗ್ಲೋ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯಬೇಡಿ; ಸಿಡಿಯುತ್ತದೆ. ಹಳೆಯ ಎಂಜಿನ್ನಿನಲ್ಲಿ ಏರ್ ತೆಗೆಯಲು ನಾಝಲ್ ಪೈಪ್ ಸಡಿಲಿಸುತ್ತಿದ್ದ ಅಭ್ಯಾಸವನ್ನು ಕಾಮನ್ ರೈಲ್ ಎಂಜಿನ್ನಿಗೆ ತರಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಕೂದಲೆಳೆಯಷ್ಟು ಡೀಸೆಲ್ ಧಾರೆ ಚರ್ಮವನ್ನು ಚುಚ್ಚಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ತಡಮಾಡಿದರೆ ಬೆರಳು, ಕೈ ಕಳೆದುಕೊಳ್ಳುವ ಸಂಭವವಿದೆ.

ಕೊನೆಯದಾಗಿ ಒಂದು ವಿನಂತಿ. ಯಂತ್ರದ ಕ್ಯಾಬಿನ್ನಿನಲ್ಲಿ ಒಂದು ನೋಟ್‌ಪುಸ್ತಕವಿರಲಿ. ಪ್ರತಿ ಪುಟಕ್ಕೆ ಆರು ಅಂಕಣ ಸಾಕು: ದಿನಾಂಕ ಮತ್ತು ಹೊತ್ತು, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ನಿಲ್ಲಿಸಿ ಎಷ್ಟು ಹೊತ್ತಾಗಿತ್ತು, ಸದ್ದು ಏನು, ಹೊಗೆ ಇತ್ತೇ, ಕಡೆಗೆ ಹೇಗೆ ಹೊರಟಿತು. ಕೆಲಸ ಸರಿಯಾಗಿ ನಡೆದ ದಿನವನ್ನೂ ಒಂದು ಗೀಟಿನಿಂದ ಗುರುತಿಸಿ; ದೋಷ ಬಾರದ ದಿನಗಳೂ ಸಾಕ್ಷ್ಯ ನುಡಿಯುತ್ತವೆ. ಕನ್ನಡದಲ್ಲಿಯೇ ಬರೆಯಿರಿ. ಕೇಳಿದ ಸದ್ದನ್ನು ಕೇಳಿದ ಹಾಗೆಯೇ ಬರೆಯಲು ಬರುವುದು ತಾಯ್ನುಡಿಯಲ್ಲಿ.

ಹಾಗೆ ಬರೆದದ್ದನ್ನು ಇಂಗ್ಲಿಷಿಗೋ ಅರಬ್ಬಿಗೋ ತಿರುಗಿಸಿಕೊಡಲು ಈ ಸಂಘದಲ್ಲಿ ಜನರಿದ್ದಾರೆ. ಇಲ್ಲಿ ಓದಿ ಬೆಳೆಯುತ್ತಿರುವ ನಮ್ಮ ಮಕ್ಕಳಿದ್ದಾರೆ. ಎರಡೂ ಭಾಷೆಗಳನ್ನು ನಮಗಿಂತ ಚೆನ್ನಾಗಿ ಬಲ್ಲರು. ತಿಂಗಳ ಸಭೆಯ ದಿನ ಅರ್ಧ ತಾಸು ಮುಂಚಿತವಾಗಿ ಬಂದು, ಹಿಂದಿನ ಸಾಲಿನ ಒಬ್ಬ ಚಿಕ್ಕಪ್ಪನ, ಒಬ್ಬ ಅಣ್ಣನ ಪುಸ್ತಕದ ಒಂದು ಪುಟವನ್ನು ಅವರು ಅನುವಾದಿಸಿಕೊಟ್ಟರೆ, ಫೋರ್‌ಮನ್ ಮೇಜಿನ ಮೇಲೆ ‘ಗಾಡಿ ಖರಾಬ್’ ಎಂಬ ಎರಡು ಶಬ್ದಗಳ ಬದಲು ಹೊತ್ತು, ಶಾಖ, ಸದ್ದುಗಳ ಸ್ಪಷ್ಟ ವರದಿ ಇರುತ್ತದೆ. ಅಂಥ ಕಾಗದ ಕೈಯಲ್ಲಿದ್ದವನನ್ನು ಸುಳ್ಳುಗಾರನೆನ್ನುವುದು ಅಷ್ಟು ಸುಲಭವಲ್ಲ. ಕಾರ್ಯದರ್ಶಿಗಳು ಒಪ್ಪಿದರೆ ಮುಂದಿನ ತಿಂಗಳಿನಿಂದಲೇ ಇದನ್ನು ಆರಂಭಿಸಬಹುದು; ಆ ಅರ್ಧ ತಾಸಿಗೆ ಬರಲು ನಾನೂ ಸಿದ್ಧನಿದ್ದೇನೆ.